ಅರ್ಧ ದಡಿ, ಅರ್ಧ ಸೋಬಾನ

ಕೆಟ್ಟ ಯಂತ್ರವೊಂದು ಮನೆಯಲ್ಲಿದ್ದರೆ ನನಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ರೋಣದಿಂದ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವುದು ನನ್ನ ಕೆಲಸ. ಶಾಲೆ, ಕಚೇರಿಗಳು ಹೊರಹಾಕಿದ ಹಳೆ ಕಂಪ್ಯೂಟರುಗಳನ್ನು ತಂದು ಮತ್ತೆ ನಡೆಸುವುದು ಹವ್ಯಾಸ. ಒಂದು ನಡೆಯತೊಡಗಿದ ಮರುದಿನವೇ ಇನ್ನೊಂದನ್ನು ಹುಡುಕಿಕೊಂಡು ನರಗುಂದದ ಬಸ್ಸು ಹತ್ತುತ್ತಿದ್ದೆ. "ಮನಿಗೆ ಬಂದವ್ರು ಎಲ್ಲಿ ಕುಂದರಬೇಕ್ರಿ, ಇವುಗಳ ತೆಲಿ ಮ್ಯಾಲೇನು?" ಎಂದು ಹೆಂಡತಿ ಪಡಸಾಲೆ ತೋರಿಸಿ ಕೇಳುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಹತ್ತು ವರ್ಷಗಳಾಗಿದ್ದವು. ನರೇಗಲ್ಲಿನ ಗುಜರಿ ಅಂಗಡಿಯಲ್ಲಿ ಸಿಕ್ಕ ಯಂತ್ರ ನನ್ನಲ್ಲಿದ್ದವುಗಳಿಗಿಂತ ಹಳೆಯದು. ಕೀಲಿಮಣೆಯ ಹೊಟ್ಟೆಯೊಳಗೇ ಕಂಪ್ಯೂಟರ್. ನೋಡಲು ಟಿವಿಗೆ ಜೋಡಿಸಬೇಕು, ಬರೆದದ್ದನ್ನು ಉಳಿಸಲು ಟೇಪ್ ರೆಕಾರ್ಡರಿಗೆ. ಮಾಮೂಲಿ ಹಾಡಿನ ಕ್ಯಾಸೆಟ್ಟಿನಲ್ಲೇ ಅದು ತನ್ನ ಅಂಕಿಗಳನ್ನು ಕೀರಲು ಸದ್ದಾಗಿ ತುಂಬಿಡುತ್ತಿತ್ತು. ಎಂಬತ್ತರ ದಶಕದಲ್ಲಿ ಶಾಲೆಗೆ ಬಂದು, ಆಮೇಲೆ ಬೀಗ ಹಾಕಿದ ಕೋಣೆಯಲ್ಲಿ ಉಳಿದದ್ದು. ಮನೆಗೆ ತಂದು ಕರೆಂಟ್ ಕೊಟ್ಟೆ, ಹೊಗೆ ಬಂತು.

ಗಜೇಂದ್ರಗಡದಲ್ಲಿ ಟೇಪ್, ಟಿವಿ ರಿಪೇರಿ ಮಾಡುವ ಚಾಚಾ ಇದ್ದರು. ಸಿಡಿ ಬಂದ ಮೇಲೆ ಅವರಿಗೆ ಗಿರಾಕಿ ಕಡಿಮೆಯಾಗಿದ್ದರು. ಯಂತ್ರವನ್ನು ಅವರ ಅಂಗಡಿಗೆ ಒಯ್ದೆ, ಇಬ್ಬರೂ ಕೂಡಿ ಸುಟ್ಟ ಕೆಪಾಸಿಟರ್ ಬದಲಿಸಿದೆವು. ಟಿವಿ ಪರದೆಯ ಮೇಲೆ ಕರ್ಸರ್ ಮಿಣುಕುತ್ತಿದ್ದಾಗ ನೇಕಾರನೊಬ್ಬ ರಿಪೇರಿಗೆ ಕೊಟ್ಟಿದ್ದ ತನ್ನ ಟೇಪ್ ಕೇಳಿಕೊಂಡು ಬಂದ. ಯಂತ್ರ ಕಂಡು ಬಂದ ಕೆಲಸ ಮರೆತ.

"ಇದು ನಮ್ಮ ಸಾಲಿಯೊಳಗಿನದ್ರಿ! ಇದರಾಗ ನಾನು ನಮ್ಮವ್ವನ ದಡಿ ಹಾಕಿದ್ದೆ."

"ಮಗ್ಗಕ್ಕ ಹಾಕೋದು ಬಿಟ್ಟು ಇದಕ್ಯಾಕ ಹಾಕಿದ್ಯೋ ತಮ್ಮಾ?" ಎಂದು ಚಾಚಾ ನಕ್ಕರು.

ನೇಕಾರ ನಗಲಿಲ್ಲ. ಅವನು ಹುಡುಗನಾಗಿದ್ದಾಗ ಈ ಯಂತ್ರದಲ್ಲಿ ಉಳಿದವರು ಮಗ್ಗಿ ಬರೆದರೆ, ಅವನು ತಾಯಿ ಸೀರೆಯ ಅಂಚಿಗೆ ನೇಯುತ್ತಿದ್ದ ದಡಿಯ ಚಿತ್ತಾರವನ್ನು ಗ್ರಾಫ್ ಹಾಳೆ ನೋಡಿ ಸಾಲುಸಾಲಾಗಿ ಅಂಕಿಯಲ್ಲಿ ಬರೆದಿದ್ದ. ಮಾಸ್ತರರು ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಿದ್ದರು. ಆಮೇಲೆ ಹಾಳೆಗೆ ಗೆದ್ದಲು ಹತ್ತಿತು, ಸೀರೆಗಳೆಲ್ಲ ಮಾರಿಹೋದವು, ತಾಯಿ ತೀರಿಕೊಂಡಳು. ಈಗ ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿಯ ದಡಿಯ ಸೀರೆಯನ್ನೇ ಉಡುವೆನೆಂದು ಅವಳು ಹಟ ಹಿಡಿದಿದ್ದಳು.

"ಹಾಸು ಹೂಡೇನ್ರಿ ಸರ್. ದಡಿ ಗೊತ್ತಿಲ್ದ ಮಗ್ಗ ಸುಮ್ಮನ ನಿಂತೈತಿ. ಕ್ಯಾಸೆಟ್ ಮನ್ಯಾಗೈತಿ, ತರಲೇನು?"

"ಲಗೂ ತರ್ರಿ," ಎಂದೆ. ಅವನು ಬರುವ ತನಕ ಅಂಗಡಿಯ ಮುಂದೆ ಶತಪಥ ಹಾಕಿದೆ. "ಲಗ್ನ ಅವನ ಮಗಳದೋ ನಿಮ್ಮದೋ?" ಎಂದರು ಚಾಚಾ.

ಕ್ಯಾಸೆಟ್ ಕೈಗೆ ಬಂದಾಗ ಮೊದಲು ಅದರ ಮೇಲಂಚು ನೋಡಿದೆ. ಮತ್ತೆ ರೆಕಾರ್ಡ್ ಆಗದಿರಲೆಂದು ಮಾಸ್ತರರು ಅಲ್ಲಿಯ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದರು. ಆ ತೂತಿಗೆ ಯಾರೋ ಬೀಡಿ ಕಟ್ಟಿನ ಕಾಗದ ತುರುಕಿದ್ದರು. ಹಾಗೆ ತುರುಕಿದರೆ ಯಾವ ಕ್ಯಾಸೆಟ್ಟಿನ ಮೇಲೂ ಹೊಸದಾಗಿ ರೆಕಾರ್ಡ್ ಮಾಡಬಹುದೆಂದು ಆಗ ಮನೆಮನೆಗೂ ಗೊತ್ತಿತ್ತು. ಕ್ಯಾಸೆಟ್ಟನ್ನು ಟೇಪಿಗೆ ಹಾಕಿ ಗುಂಡಿ ಒತ್ತಿದೆ.

ಕೀರಲು ಶುರುವಾಯಿತು. ಪರದೆಯ ಮೇಲೆ ಅಂಕಿಗಳು ಒಂದೊಂದೇ ಏರಿದವು. ನಡುವೆ ತಟ್ಟನೆ ಕೀರಲು ನಿಂತು ಬಳೆಗಳ ಸದ್ದು, ಹೆಂಗಸರ ನಗೆ, ಹಿಂದೆಯೇ ಸೋಬಾನ. ಯಂತ್ರ ತಪ್ಪು ತೋರಿಸಿ ನಿಂತಿತು. ನೇಕಾರ ಪರದೆಯತ್ತ ನೋಡುತ್ತಲೇ ಇರಲಿಲ್ಲ.

"ಮುಂದ ಹಾಡ ಹೇಳಾಕಿ ನಮ್ಮವ್ವ," ಎಂದ. "ಅಕ್ಕನ ಲಗ್ನದಾಗ ಅರಿಷಿಣ ಹಚ್ಚೂಮುಂದ ಹಾಡಿದ್ದು. ಕ್ಯಾಸೆಟ್ ಕೆಟ್ಟು ಕಿರ್ ಅಂತೈತಿ, ಒಗಿಯೋದ್ಯಾಕ ಅಂತ ಅವ್ವ ಇದರ ಮ್ಯಾಲ ತುಂಬ್ಯಾಳ."

ಅದುವರೆಗೆ ಬಂದ ಸಾಲುಗಳು ಯಂತ್ರದಲ್ಲಿ ಉಳಿದಿದ್ದವು. ನಾನು ಅಂಕಿ ಓದುತ್ತ ಹೋದೆ, ಅವನು ಹೊಸ ಗ್ರಾಫ್ ಹಾಳೆಯಲ್ಲಿ ಚೌಕ ತುಂಬುತ್ತ ಹೋದ. ಸಾಲುಗಳು ಮುಗಿಯುವಷ್ಟರಲ್ಲಿ ಚಿತ್ತಾರ ನಡುಗೆರೆ ದಾಟಿತ್ತು.

"ಸಾಕ್ರಿ. ಹಾಳಿ ಮಡಚಿದ್ರ ಉಳಿದ ಅರ್ಧ ತಾನ ಬರತೈತಿ," ಎಂದವನು ಪೆನ್ಸಿಲ್ ಕೆಳಗಿಡಲಿಲ್ಲ. "ಆದ್ರ ಅವ್ವ ಆ ಅರ್ಧದಾಗ ಎಲ್ಲೋ ಒಂದು ಕಡೆ ಬೇಕಂತ ತಪ್ಪು ಹಾಕತಿದ್ಲು. ದೃಷ್ಟಿ ಆಗಬಾರ್ದಂತ. ಎಲ್ಲಂತ ನೆನಪಿಲ್ರಿ."

ಸೋಬಾನ ಮುಗಿದ ಮೇಲೆ ಟೇಪಿನ ಕೊನೆಯಲ್ಲಿ ಹಳೆ ಕೀರಲು ಸ್ವಲ್ಪ ಉಳಿದಿತ್ತು. ಆ ತಪ್ಪು ಅದರಲ್ಲೇ ಇರಬಹುದು. ನನ್ನ ಕೈ ಗುಂಡಿಗೆ ಹೋಯಿತು. ಚಾಚಾ ತಡೆದು, ಹೆಡ್ ಒರೆಸಿದ ಅರಳೆ ತೋರಿಸಿದರು. ಅದರ ತುಂಬ ಟೇಪಿನಿಂದ ಉದುರಿದ ಕಂದು ಪುಡಿ.

"ಪೇಪರ್ನವ್ರ, ಹಿಂಗ ತಿರುಗಿಸಿಕೋತ ಕುಂತ್ರ ಹಾಡೂ ಹೊಕ್ಕೈತಿ, ದಡಿನೂ ಹೊಕ್ಕೈತಿ. ಮೊದಲು ಹೊಸಾದಕ್ಕ ಇಳಸೂಣು."

ಕರೆಂಟ್ ಹೋಯಿತು. ಅದು ಬರುವವರೆಗೆ ಮೂವರೂ ಚಹಾ ಕುಡಿದೆವು. ನಾನು ನಿಂತೇ ಕುಡಿದೆ. ಆಮೇಲೆ ಚಾಚಾ ಇಡೀ ಕ್ಯಾಸೆಟ್ಟನ್ನು ಹೊಸದಕ್ಕೆ ಇಳಿಸಿದರು. ಹಾಡು ಚೊಕ್ಕವಾಗಿ ಬಂತು. ಕೊನೆಯ ಕೀರಲು ಮಾತ್ರ ಮಂಕಾಗಿತ್ತು. ದನಿ ಏರಿಸಿದರೂ ಇಳಿಸಿದರೂ ಯಂತ್ರ ಅದನ್ನು ಒಪ್ಪಲಿಲ್ಲ.

"ಹಳೇದನ್ನ ನೇರ ಒಂದೇ ಸಲ ಹಾಕಿ ನೋಡೂಣು," ಎಂದೆ. "ಹರಿದ್ರೂ ಹಾಡು ಹೊಸಾದರಾಗ ಐತಲ್ಲ."

ನೇಕಾರ ಹಳೆ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡ. ಬೀಡಿ ಕಟ್ಟಿನ ಕಾಗದವನ್ನು ಉಗುರಿನಿಂದ ಕಿತ್ತು ಎಸೆದ. ಕ್ಯಾಸೆಟ್ ಅಂಗಿಯ ಕಿಸೆಗೆ ಹೋಯಿತು.

"ಬ್ಯಾಡ್ರಿ ಸರ್. ತಪ್ಪು ನಾನ ಹಾಕ್ತೀನಿ."

ಮದುವೆಯ ಮುನ್ನ ಅವನ ಮನೆಗೆ ಹೋಗಿದ್ದೆ. ಹೊಸ ಕ್ಯಾಸೆಟ್ಟಿನ ಸೋಬಾನ ಹಚ್ಚಿಟ್ಟು ಮಗಳು ಸೀರೆಯನ್ನು ನನ್ನ ಮುಂದೆ ಬಿಚ್ಚಿದಳು. ದಡಿಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಹೂ ನೋಡುತ್ತ ಹೋದೆ. ಎರಡೂ ಅರ್ಧಗಳು ಒಂದೇ ಥರ ಕಂಡವು. ಮತ್ತೆ ಮೊದಲಿನಿಂದ ನೋಡಿದೆ.

"ಸಿಕ್ತೇನ್ರಿ?" ಎಂದ ನೇಕಾರ.

"ಇಲ್ಲ. ಎಲ್ಲಿ ಹಾಕೀರಿ?"

"ಹೇಳಿದ್ರ ದೃಷ್ಟಿ ಆಗಂಗಿಲ್ಲೇನ್ರಿ?" ಎಂದು ನಕ್ಕ. "ಬಸ್ ಹೊಕ್ಕೈತಿ, ಏಳ್ರಿ ಇನ್ನ."

ನಾನು ಏಳಲಿಲ್ಲ. ಸೆರಗಿನ ಕಡೆಯಿಂದ ನೋಡುವುದು ಇನ್ನೂ ಬಾಕಿ ಇತ್ತು.