ಮಂಕಾಗದ ಟಾರ್ಚು

ಟಾರ್ಚಿನವನಿಗೆ ಮೂಗಿನ ತುದಿಯಲ್ಲೇ ಕೋಪ. ಮೂರು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಾಗುವ ಜಾಗದಲ್ಲಿ ಅವನ ಅಂಗಡಿ. ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಅಂಗೈಯುದ್ದದ ಎಲ್‌ಇಡಿ ಟಾರ್ಚುಗಳು. ಗಿರಾಕಿ ಬಂದು "ಎಲ್ಲಕ್ಕಿಂತ ಜೋರಾಗಿ ಉರಿಯೋದು ಕೊಡಿ" ಅಂದರೆ ಸಾಕು, ಹುಬ್ಬು ಮೇಲೇರುತ್ತಿತ್ತು.

"ಎಷ್ಟು ಹೊತ್ತು ಉರೀಬೇಕು?"

"ದಿನವೆಲ್ಲ."

"ಸಣ್ಣದಿರ್ಬೇಕೋ?"

"ಜೇಬಲ್ಲಿ ಕೂರ್ಬೇಕು."

"ಕೆಳಗೆ ಬಿದ್ರೆ ಒಡೀಬಾರ್ದೋ?"

"ಹೌದು ಮತ್ತೆ!"

"ಹಾಗಾದ್ರೆ ಸೂರ್ಯನನ್ನೇ ಕಿತ್ಕೊಂಡು ಹೋಗಿ. ನನ್ನ ಹತ್ರ ಸ್ಟಾಕ್ ಇಲ್ಲ."

ಟಾರ್ಚು ಮಾಡುವವನೆಂದರೆ ಮೂರು ಹೆಂಡಿರ ಗಂಡ ಎಂದು ಅವನು ಹೇಳುತ್ತಿದ್ದ. ಬೆಳಕು, ಬ್ಯಾಟರಿ, ಬಾಳಿಕೆ. ಬೆಳಕಿನವಳನ್ನು ಮುದ್ದು ಮಾಡಿದರೆ ಬ್ಯಾಟರಿಯವಳು ಮಧ್ಯಾಹ್ನಕ್ಕೇ ತವರಿಗೆ ಹೊರಡುತ್ತಾಳೆ. ದೊಡ್ಡ ಬ್ಯಾಟರಿ ತಂದು ಅವಳನ್ನು ಒಲಿಸಿದರೆ ಮೈ ದಪ್ಪವಾಗಿ ಕೈಗೆ ಕೂರುವುದಿಲ್ಲ. ಸಣ್ಣ ಮೈಯಲ್ಲಿ ದೊಡ್ಡ ಬೆಳಕು ತುರುಕಿದರೆ ಕಾದು ಕಾದು ಒಳಗಿನ ದೀಪವೇ ಸುಟ್ಟುಹೋಗುತ್ತದೆ. ಮೂವರನ್ನೂ ಒಂದೇ ಸೂರಿನಡಿ ಜಗಳವಿಲ್ಲದೆ ಇಟ್ಟುಕೊಳ್ಳುವುದೇ ಕಸುಬು. ಉಳಿದದ್ದೆಲ್ಲ ಬರೀ ಮಾರಾಟ.

ಅವನ ಖಾಯಂ ಗಿರಾಕಿಗಳು ಕೊಳವೆಯವರು. ಊರಿಗೆ ಕುಡಿಯುವ ನೀರು ತರುವ ದೊಡ್ಡ ಕೊಳವೆಯೊಳಗೆ, ನೀರು ನಿಲ್ಲಿಸಿದ ದಿನ ಇಬ್ಬಿಬ್ಬರು ಹೊಕ್ಕು, ಕೀಲುಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಿಕೊಂಡು ಬರುವ ಕೆಲಸ ಅವರದು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮತ್ತೆ ನೀರು. ಅವರಿಗಾಗಿಯೇ ಅವನು ಎರಡು ಪೆನ್ಸಿಲ್ ಸೆಲ್ಲಿನ ಸಣ್ಣ ಟಾರ್ಚು ಮಾಡುತ್ತಿದ್ದ. ಎರಡೂವರೆ ಗಂಟೆ ನೆಟ್ಟಗೆ ಉರಿದು, ಆಮೇಲೆ ಮೆಲ್ಲಗೆ ಸೊರಗುತ್ತ ಇನ್ನೆರಡು ಮೂರು ಗಂಟೆ ಎಳೆಯುವ ಟಾರ್ಚು. ಒಳಗೆ ಕೈಗಡಿಯಾರ ಕಟ್ಟಿದರೆ ಕೆಸರು ತಿನ್ನುತ್ತದೆ, ಫೋನು ಒಯ್ದರೆ ನೀರಿಗೆ ಬೀಳುತ್ತದೆ. ಹಾಗಾಗಿ ಅವರೆಲ್ಲ ಟಾರ್ಚನ್ನೇ ನೋಡುತ್ತಿದ್ದರು. ಬೆಳಕು ಸೊರಗಿತೋ, "ಮಂಕು ಬಂತು, ತಿರುಗ್ರೋ" ಎಂದು ಒಬ್ಬ ಕೂಗುವುದು, ಇಬ್ಬರೂ ಹಿಂದಕ್ಕೆ ಹೆಜ್ಜೆ ಹಾಕುವುದು. ಯಾರೂ ಕಲಿಸಿದ್ದಲ್ಲ, ಯಾರೂ ಬರೆದಿಟ್ಟದ್ದೂ ಅಲ್ಲ. ಉಸಿರಾಡುವುದನ್ನು ಯಾರಾದರೂ ಬರೆದಿಡುತ್ತಾರೆಯೇ?

ಕೊಳವೆಯವರಲ್ಲಿ ಅವನ ಹೆಂಡತಿಯ ತಮ್ಮನೂ ಒಬ್ಬ. ತಾಯಿ ಸತ್ತಾಗ ನಾಲ್ಕು ವರ್ಷದವನು. ಅಕ್ಕನ ಸೆರಗು ಹಿಡಿದು ಮದುವೆಯ ಮನೆಯಿಂದ ಸೀದಾ ಭಾವನ ಮನೆಗೇ ಬಂದು ಅಲ್ಲೇ ಉಳಿದವನು. ಬಾಯಿ ಮಾತ್ರ ಬೊಂಬಾಯಿ.

"ಭಾವ, ನಿನ್ನ ಟಾರ್ಚು ಹಚ್ಚಿದ್ರೆ ಕತ್ತಲು ನಗುತ್ತೆ," ಎಂದ ಒಂದು ದಿನ ಮೇಜಿನ ಮೇಲೆ ಅದನ್ನು ಎಸೆದು. "ಮೊನ್ನೆ ಬೆರಳಗಲ ಬಿರುಕು ಬಿಟ್ಟಿತ್ತು, ಕಾಣ್ಲೇ ಇಲ್ಲ. ಸಾಹೇಬ ಎಲ್ಲರೆದುರಿಗೆ ಕುರುಡ ಅಂದ. ಪೇಟೆಗೆ ಹೊಸ ನಮೂನೆ ಬಂದಿದೆ, ಗೋಡೆ ಸುಡೋ ಹಾಗೆ ಉರಿಯುತ್ತೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಅದನ್ನೇ ತಗೋತೀನಿ."

"ಆಗಲ್ವಾ? ಯಾರಿಗೋ ಆಗಲ್ಲ?" ಎಂದ ಟಾರ್ಚಿನವನು. ಅಷ್ಟು ಸಾಕಿತ್ತು ಅವನಿಗೆ.

ಹದಿನೈದು ದಿನ ಕೂತ. ಹೆಬ್ಬೆರಳು ದಪ್ಪದ ಒಂದು ಲಿಥಿಯಂ ಸೆಲ್ಲು, ದಪ್ಪ ಅಲ್ಯೂಮಿನಿಯಂ ಮೈ, ಬಾಯಿಗೆ ಜೋಡಿ ರಬ್ಬರ್ ಬಳೆ. ಸೆಲ್ಲು ಸೊರಗಿದರೂ ಬೆಳಕು ಸೊರಗದಂತೆ ಕಾಯುವ ಉಗುರಗಲದ ಸರ್ಕಿಟ್ ಹಲಗೆಯೊಂದನ್ನು ಒಳಗೆ ಕೂರಿಸಿದ. ಮೆಟ್ಟಿಲ ಮೇಲಿಂದ ಆರು ಸಲ ಉರುಳಿಸಿದ, ಒಡೆಯಲಿಲ್ಲ. ಒಂದು ದಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟ, ಒಂದು ಹನಿ ಒಳಗೆ ಹೋಗಲಿಲ್ಲ. ಗಡಿಯಾರದ ಮುಂದೆ ಹಚ್ಚಿಟ್ಟು ಕೂತ. ಮೂರೂವರೆ ಗಂಟೆ, ಮೊದಲ ನಿಮಿಷ ಹೇಗೋ ಕೊನೆಯ ನಿಮಿಷವೂ ಹಾಗೆ. ಮೂವರು ಹೆಂಡಿರೂ ನಗುನಗುತ್ತ ಕೂತಂತಾಯಿತು. ಅಂಥವೇ ಎರಡು ಮಾಡಿ, ಬಾಮೈದನಿಗೊಂದು, ಅವನ ಜೊತೆಗಾರನಿಗೊಂದು ಕೊಟ್ಟ.

"ಮೂರೂವರೆ ಗಂಟೆ ಒಂದೇ ಸಮ. ಮಂಕಾಗೋ ಮಾತೇ ಇಲ್ಲ. ಈಗ ಹೇಳೋ, ಕತ್ತಲು ನಗುತ್ತಾ?"

"ಕತ್ತಲು ಕೆಲಸ ಬಿಟ್ಟು ಹೋಗುತ್ತೆ ಭಾವ!"

ಮರುದಿನ ಒಂಬತ್ತಕ್ಕೆ ಅವರು ಕೊಳವೆ ಹೊಕ್ಕರು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅಂಗಡಿಗೆ ಹಳೇ ಮೇಸ್ತ್ರಿ ಬಂದ. ಮೂವತ್ತು ವರ್ಷ ಕೊಳವೆಯಲ್ಲಿ ಬಗ್ಗಿ ನಡೆದು, ಈಗ ಹೊರಗೂ ಬಗ್ಗಿಯೇ ನಡೆಯುವ ಮುದುಕ. ಅವನಿಗೆ ಬೇಕಿದ್ದದ್ದು ಒಂದು ಸ್ಪ್ರಿಂಗು. ಟಾರ್ಚಿನವನು ಬಿಡಬೇಕಲ್ಲ, ಹೊಸ ಟಾರ್ಚಿನ ಪುರಾಣ ತೆಗೆದ.

ಮುದುಕ ಎಲ್ಲ ಕೇಳಿ, "ಇದಕ್ಕೆ ಮಂಕು ಯಾವಾಗ ಬರುತ್ತಪ್ಪ?" ಎಂದ.

"ಬರಲ್ಲ ಅಂದ್ನಲ್ಲ ಅಜ್ಜ. ಅದೇ ಅದರ ಹೆಚ್ಚುಗಾರಿಕೆ. ಸೆಲ್ಲು ಮುಗಿಯೋವರೆಗೂ ಹಾಗೇ ಇದ್ದು, ಮುಗಿದಾಗ ಟಪ್ ಅಂತ ಆರುತ್ತೆ."

ಮುದುಕ ಸ್ಪ್ರಿಂಗನ್ನು ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಒಳಗಿರೋರಿಗೆ ತಿರುಗ್ರೋ ಅನ್ನೋರು ಯಾರು?"

ಟಾರ್ಚಿನವನು ಗಡಿಯಾರ ನೋಡಿದ. ಇಂಥ ಬೆಪ್ಪುತನವನ್ನು ಹೊರಗಿನವರು ಮಾಡುತ್ತಿರಲಿಲ್ಲ, ಅವರಾದರೆ ಗಂಟೆ ನೋಡುವ ದಾರಿಯೊಂದನ್ನು ಮೊದಲು ಹುಡುಕುತ್ತಿದ್ದರು. ಹದಿನೆಂಟು ವರ್ಷ ಕೊಳವೆಯವರ ಜೊತೆ ಇದ್ದು, ಮಂಕನ್ನು ಉಸಿರಿನಷ್ಟೇ ಸಹಜ ಅಂದುಕೊಂಡವನು ಮಾತ್ರ ಮಾಡಬಲ್ಲ ಬೆಪ್ಪುತನ ಅದು. ಹನ್ನೆರಡೂವರೆಗೆ ಟಾರ್ಚು ಎರಡೂ ಆರುತ್ತವೆ. ಅಲ್ಲಿಯವರೆಗೆ ಇಬ್ಬರೂ ಮಂಕು ಬರಲಿ ಎಂದು ಕಾಯುತ್ತ ಮುಂದೆ ಮುಂದೆ ಹೋಗುತ್ತಲೇ ಇರುತ್ತಾರೆ.

"ಗೋಡೆ ತಡಕ್ಕೊಂಡು ವಾಪಸ್ ಬರಬಹುದಲ್ವಾ ಅಜ್ಜ?"

"ಹೂಳು ಇಳೀಲಿ ಅಂತ ಬಿಟ್ಟ ಗುಂಡಿಗಳಿವೆಯಲ್ಲೋ, ಆಳುದ್ದ. ಕಾಣದೆ ಕಾಲಿಟ್ರೆ ಮುಗೀತು. ಬುದ್ಧಿ ಇದ್ರೆ ಕೂತಿರ್ತಾರೆ."

ಕೂತರೆ ಮೂರಕ್ಕೆ ನೀರು.

ಗೋಡೆಯ ಮೇಲಿದ್ದ ಹಳೇ ನಮೂನೆಯ ಟಾರ್ಚುಗಳನ್ನೆಲ್ಲ ಮೊಳೆ ಸಮೇತ ಕಿತ್ತು ಚೀಲಕ್ಕೆ ತುಂಬಿದ. ಅಂಗಡಿ ಬಾಗಿಲು ಹಾಕಲಿಲ್ಲ. ಸಿಕ್ಕಿದ ಆಟೋ ಹತ್ತಿದ. ಒಂದು ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಹೆಂಡತಿಯ ಫೋನು ಬಂತು. ಊಟಕ್ಕೆ ಯಾವಾಗ ಬರ್ತೀರಿ ಅಂತ ಕೇಳಲಿಕ್ಕೆ ಇರಬೇಕು. ಎತ್ತಲಿಲ್ಲ. ಎತ್ತಿ ಏನಂತ ಹೇಳುವುದು?

ಕೊಳವೆಯ ಬಾಯಲ್ಲಿ ಕಾವಲುಗಾರ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದ.

"ನೀರು ಬಿಡ್ಬೇಡಿ ಅಂತ ಗೇಟಿನವರಿಗೆ ಫೋನ್ ಮಾಡು!"

"ಯಾಕೆ? ಎರಡರ ಒಳಗೆ ಬರ್ತಾರೆ ಬಿಡಿ, ಯಾವಾಗ್ಲೂ ಬರ್ತಾರೆ."

"ಇವತ್ತು ಬರಲ್ಲ ಕಣಯ್ಯ!"

"ನಿಮಗೆ ಹೆಂಗೆ ಗೊತ್ತು?"

"ಟಾರ್ಚು ಮಾಡಿದ್ದು ನಾನು!"

ಕಾವಲುಗಾರ ಅವನ ಮುಖ ನೋಡಿ ಫೋನು ತೆಗೆದ. ಸಾಹೇಬರು ಹೇಳದೆ ಗೇಟು ತಡೆಯುವ ಹಾಗಿಲ್ಲ ಎಂದರು ಗೇಟಿನವರು. ಸಾಹೇಬರ ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಊಟದ ಹೊತ್ತಂತೆ. ಊಟವಂತೆ! ಇನ್ನೊಂದು ಸಲ ಮಾಡಿದರೂ ಅದೇ.

"ಮಾಡ್ತಾನೇ ಇರು. ನಿಲ್ಲಿಸ್ಬೇಡ," ಎಂದು ಟಾರ್ಚಿನವನು ಪ್ಯಾಂಟು ಮಡಚಿ ಒಳಗಿಳಿದ. ಆಗ ಹನ್ನೆರಡು ಮುಕ್ಕಾಲು.

ಕೊಳವೆ ಅವನ ಎದೆಯೆತ್ತರ. ಪಾದ ಮುಳುಗುವಷ್ಟು ತಣ್ಣನೆ ನೀರು, ಬೂಟಿಗೂ ಹಿಡಿತ ಸಿಗದ ಪಾಚಿ. ಐವತ್ತು ಸಮೀಪಿಸಿದ ಮಂಡಿ ಮೊದಲ ಇನ್ನೂರು ಹೆಜ್ಜೆಗೇ ಬೇಡವೆಂದಿತು. ಮೊದಲ ಹೂಳಿನ ಗುಂಡಿ ಸಿಕ್ಕಿತು. ಪಕ್ಕದ ಗೇಣಗಲದ ಅಂಚಿನ ಮೇಲೆ ಬೆನ್ನು ಗೋಡೆಗೊತ್ತಿ ದಾಟಿದ. ದಾಟಿ, ಅಲ್ಲೊಂದು ಟಾರ್ಚನ್ನು ಕಬ್ಬಿಣದ ಕೊಂಡಿಗೆ ಸಿಕ್ಕಿಸಿ ಗುಂಡಿಯ ಕಡೆ ಮುಖಮಾಡಿ ಹಚ್ಚಿಟ್ಟ. ಪ್ರತಿ ಗುಂಡಿಗೂ ಹಾಗೇ ಮಾಡುತ್ತ ಹೋದ. ಬಾಮೈದನ ಹೆಸರು ಹಿಡಿದು ಕೂಗಿದ. ಕೊಳವೆ ಆ ಹೆಸರನ್ನು ನುಂಗಿ, ಬೇರೇನನ್ನೋ ತಿರುಗಿ ಉಗುಳಿತು. ಹಾಳು ಬಾಯಿ, ಹಾಳು ಹಟ, ಹಾಳು ಹೆಚ್ಚುಗಾರಿಕೆ ಎಂದು ತನ್ನನ್ನೇ ಬೈದುಕೊಂಡ. ಬೈಗುಳ ಮುಗಿದ ಮೇಲೆ ಹೆಜ್ಜೆ ಎಣಿಸಿದ. ಎಣಿಕೆ ತಪ್ಪಿದ ಮೇಲೆ ಬರೀ ಅತ್ತ. ಕೂಗುವುದನ್ನು ಮಾತ್ರ ಬಿಡಲಿಲ್ಲ.

ಒಂಬತ್ತನೆಯ ಗುಂಡಿ ದಾಟಿದಾಗ ಚೀಲದಲ್ಲಿ ಉಳಿದದ್ದು ಎರಡು ಟಾರ್ಚು. ಗಂಟೆ ಎಷ್ಟೆಂದು ಅವನಿಗೂ ಗೊತ್ತಿರಲಿಲ್ಲ. ಅವಸರದಲ್ಲಿ ಫೋನನ್ನು ಕಾವಲುಗಾರನ ಕುರ್ಚಿಯ ಮೇಲೇ ಬಿಟ್ಟಿದ್ದ.

"ಯಾರು?" ಎಂದಿತು ಕತ್ತಲು.

ಇಬ್ಬರೂ ಗೋಡೆಗೊರಗಿ ನೀರಿನಲ್ಲೇ ಕೂತಿದ್ದರು. ದೀಪ ಆರಿದೊಡನೆ ಬಾಮೈದ ನಾಲ್ಕು ಹೆಜ್ಜೆ ಇಟ್ಟಿದ್ದಾನೆ, ಗುಂಡಿಯ ಅಂಚಿಗೆ ಕಾಲು ಜಾರಿ ಕಣಕಾಲು ತಿರುಚಿಕೊಂಡಿದ್ದಾನೆ. ಜೊತೆಗಾರ ಎಳೆದುಕೊಳ್ಳದೇ ಇದ್ದರೆ ಅಲ್ಲಿಗೇ ಅವನ ಕತೆ ಮುಗಿಯುತ್ತಿತ್ತು.

"ಏಳ್ರೋ. ಗಂಟೆ ಕೇಳ್ಬೇಡಿ, ಏಳಿ."

ಜೊತೆಗಾರ ಮುಂದೆ, ನಡುವೆ ಬಾಮೈದ, ಹಿಂದೆ ಟಾರ್ಚಿನವನು. ಕುಂಟುವವನ ಸೊಂಟದ ಪಟ್ಟಿ ಹಿಡಿದು ಎತ್ತಿ ಎತ್ತಿ ನೂಕಿದ. ದೂರದಿಂದ ಒಂದೊಂದೇ ದೀಪ ಕಾಣುತ್ತಿತ್ತು. ಗೋಡೆ ಸುಡುವ ದೀಪಗಳಲ್ಲ. ಗುಂಡಿಯ ಅಂಚು ಕಂಡರೆ ಸಾಕಲ್ಲ, ಕಂಡಿತು. ಮೂವರ ಕಿವಿಯೂ ಬೆನ್ನ ಹಿಂದೆಯೇ ಇತ್ತು. ಒಮ್ಮೆ ಯಾವುದೋ ಹನಿ ಬಿದ್ದ ಸದ್ದಿಗೆ ಜೊತೆಗಾರ ಓಡಹೊರಟು, ಮತ್ತೆ ನಿಂತು, ಬಾಮೈದನ ತೋಳು ಹಿಡಿದುಕೊಂಡ.

ಕೊಳವೆಯ ಬಾಯಿಂದ ಹೊರಬಿದ್ದಾಗ ಕಾವಲುಗಾರ ಇನ್ನೂ ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದ. ಸಾಹೇಬರು ಕೊನೆಗೂ ಎತ್ತಿರಲಿಲ್ಲ. ಮೂರಕ್ಕೆ ಏಳು ನಿಮಿಷ.

ಬಿಸಿಲಲ್ಲಿ ಸಿಮೆಂಟು ಕಟ್ಟೆಯ ಮೇಲೆ ಮೂವರೂ ಬಿದ್ದುಕೊಂಡರು. ಸ್ವಲ್ಪ ಹೊತ್ತಿಗೆ ಕೊಳವೆಯೊಳಗೆ ಗುಡುಗಿನಂಥ ಮೊರೆತ ಬಂತು, ಕಟ್ಟೆ ನಡುಗಿತು. ಒಳಗಿದ್ದ ದೀಪಗಳೆಲ್ಲ ಹೋದವು. ಬಾಮೈದ ಜೇಬಿನಿಂದ ಹೊಸ ಟಾರ್ಚು ತೆಗೆದು ಭಾವನ ಕಡೆ ಚಾಚಿದ.

"ಎಲ್ಲೋ ವೈರು ಬಿಟ್ಟಿರ್ಬೇಕು ಭಾವ. ಕುಟ್ಟಿದೆ, ಊದಿದೆ, ಈಗ ಹತ್ತುತ್ತೆ, ಈಗ ಹತ್ತುತ್ತೆ ಅಂತ ಕೂತಿದ್ದೆ. ನೀನು ಮಾಡಿದ್ದು ಹಂಗೆಲ್ಲ ಸಾಯಲ್ಲ ಅಂತ ಇವನಿಗೂ ಹೇಳ್ದೆ."

ಹೌದು, ವೈರು ಬಿಟ್ಟಿದೆ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

"ವೈರು ಬಿಟ್ಟಿಲ್ಲ," ಎಂದ ಟಾರ್ಚಿನವನು. "ಕೆಟ್ಟೂ ಇಲ್ಲ. ನಾನು ಹೆಂಗೆ ಮಾಡಿದ್ನೋ ಹಂಗೇ ಕೆಲಸ ಮಾಡಿದೆ."

ಬಾಮೈದ ಅವನನ್ನೇ ನೋಡಿದ. ಆ ಬಾಯಿಗೆ ಒಂದು ತಮಾಷೆ ಸಿಗಲಿ ಎಂದು ಟಾರ್ಚಿನವನು ಕಾದ. ಬೈಗುಳವಾದರೂ ಸಿಗಲಿ ಎಂದು ಕಾದ. ಬಾಮೈದ ಟಾರ್ಚನ್ನು ಕಟ್ಟೆಯ ಮೇಲಿಟ್ಟು, ಜೊತೆಗಾರನ ಹೆಗಲ ಮೇಲೆ ಕೈಹಾಕಿ ಎದ್ದ. ಕುಂಟುತ್ತ ರಸ್ತೆಯ ಕಡೆ ನಡೆದ. ಭಾವನ ಮನೆಯ ಕಡೆಯ ರಸ್ತೆ ಹಿಡಿಯಲಿಲ್ಲ.