ಪದ್ಮತ್ತೆ ಹುಡುಕಿದ ಹೆಸರು

ಪದ್ಮತ್ತೆ ಸತ್ತವರ ಜೊತೆ ಜಗಳವಾಡುತ್ತಿದ್ದಳು. ಜಯನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಉಯಿಲುಗಳ ನಕಲು ಹರಡಿಕೊಂಡು, ಮೂಲೆ ಮಡಚಿಕೊಳ್ಳದಂತೆ ಉಪ್ಪಿನಕಾಯಿ ಜಾಡಿಯನ್ನೂ ಕಾಫಿ ಲೋಟವನ್ನೂ ಹೇರಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಬರೆದವನು ಎದುರಿಗೇ ಕೂತಿದ್ದಾನೆಂಬಂತೆ ದಬಾಯಿಸುತ್ತಿದ್ದಳು. ಅವಳಿಂದ ಹೆಚ್ಚು ಬೈಸಿಕೊಂಡವರು ಅವಳ ತಾತ, ನನ್ನ ಮುತ್ತಾತ, ಸುಬ್ಬರಾಯರು.

"ಹಿತ್ತಾಳೆ ಕೊಳಗಕ್ಕೆ ಎಷ್ಟು ಬಿಂದಿಗೆ ನೀರು ಹಿಡಿಯತ್ತೆ ಅಂತ ಬರೆದಿದೀಯಲ್ಲಯ್ಯ ಪುಣ್ಯಾತ್ಮ, ಕಟ್ಕೊಂಡೋಳ ಹೆಸರು ಬರೆಯೋಕೆ ಮಸಿ ಸಾಲ್ದಾಯ್ತಾ ನಿಂಗೆ?"

ಜಗಳಕ್ಕೆ ಕಾರಣವಿತ್ತು. ಸುಬ್ಬರಾಯರ ಮೊದಲ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು. ಉಳಿದ ಕೂಸು ನನ್ನ ತಾತ ನಾರಾಯಣ. ಎರಡನೆಯ ಹೆಂಡತಿಯಾಗಿ ಬಂದ ಸಾವಿತ್ರಮ್ಮ ಆ ಕೂಸನ್ನು ಎದೆಗವಚಿಕೊಂಡು ಬೆಳೆಸಿದರು. ಬಂದವಳ ಮನಸ್ಸು ನೋಯದಿರಲಿ ಎಂದು ಹೋದವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎತ್ತಲಿಲ್ಲ. ಎತ್ತದೆ ಎತ್ತದೆ ಮರೆತೇ ಹೋಯಿತು. ಮಹಾಲಯ ಅಮಾವಾಸ್ಯೆಯ ದಿನ ನನ್ನ ಅಪ್ಪ ಹಿರಿಯರನ್ನು ಹೆಸರು ಹಿಡಿದು ಕರೆದು ಎಳ್ಳುನೀರು ಬಿಡುವಾಗ, ತಮ್ಮ ಅಜ್ಜಿಯ ಸರದಿಯಲ್ಲಿ ಸಾವಿತ್ರಮ್ಮನವರ ಹೆಸರು ಬರುತ್ತಿತ್ತು. ಹೆತ್ತವಳ ಪಾಲಿಗೆ ತೊಟ್ಟು ನೀರೂ ಇರಲಿಲ್ಲ. ಅಪ್ಪನ ತಂಗಿ ಪದ್ಮತ್ತೆಗೆ ಇದನ್ನು ಸಹಿಸಲಾಗುತ್ತಿರಲಿಲ್ಲ.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹೆಸರಿನ ವಿಷಯದಲ್ಲಿ ಅಷ್ಟು ಹಟ ಅಲ್ಲಿಂದಲೇ ಬಂದಿತ್ತೆಂದು ನನ್ನ ಅನುಮಾನ. "ಸೀಸೆ ಮೇಲೆ ಹೆಸರಿಲ್ದೇ ಇದ್ರೆ ಆ ರಕ್ತ ಯಾರ್ದೂ ಅಲ್ಲ ಕಣೇ, ಚೆಲ್ಲಿಬಿಡ್ತೀವಿ. ನಮ್ಮಪ್ಪನ್ನ ಹೆತ್ತು ಜೀವ ಬಿಟ್ಟೋಳನ್ನ ಹಾಗೆ ಚೆಲ್ಲೋಕಾಗತ್ತಾ?" ಎಂದು ನನ್ನನ್ನೇ ತಪ್ಪಿತಸ್ಥಳಂತೆ ನೋಡುತ್ತಿದ್ದಳು.

ಉಯಿಲಿನಲ್ಲಿ ಇದ್ದ ಸುಳಿವು ಒಂದೇ. ಆ ಹಿತ್ತಾಳೆ ಕೊಳಗವನ್ನು "ತಲಘಟ್ಟಪುರದ ನನ್ನ ಮೊದಲನೆಯ ಮಾವನವರಾದ ಕೃಷ್ಣಪ್ಪನವರು ಕೊಟ್ಟದ್ದು" ಎಂದು ಸುಬ್ಬರಾಯರು ಬರೆದಿದ್ದರು. ಅಷ್ಟು ಸಾಕಾಯಿತು ಅತ್ತೆಗೆ. ಮದುವೆ ಮನೆಯೋ ಮೆಟ್ರೋನೋ, ಕೂದಲು ನೆರೆತವರು ಕಂಡರೆ ಸಾಕು, ಪಕ್ಕದಲ್ಲಿ ಕೂತು, "ತಲಘಟ್ಟಪುರದ ಕಡೆ ನೆಂಟ್ರಿದಾರಾ ನಿಮಗೆ?" ಎಂದು ಶುರುಮಾಡುತ್ತಿದ್ದಳು. ನಾವು ಹೆಣ್ಣು ನೋಡುತ್ತಿದ್ದೇವೆಂದು ತಿಳಿದು ಕೆಲವರು ಜಾತಕ ಕಳಿಸಿದ್ದೂ ಉಂಟು.

ಹೀಗೇ ಹುಳಿಮಾವಿನಲ್ಲಿ ಒಂದು ಮನೆ ಸಿಕ್ಕಿತು. ಅವರ ಮುತ್ತಾತನ ಹೆಸರೂ ಕೃಷ್ಣಪ್ಪ, ಮೂಲವೂ ತಲಘಟ್ಟಪುರ. ಅತ್ತೆ ರೇಷ್ಮೆ ಸೀರೆ ಕೊಂಡು ನನ್ನನ್ನೂ ಎಳೆದುಕೊಂಡು ಹೋದಳು. ಆ ಮನೆಯ ಯಜಮಾನಿಗೆ ಅರಿಸಿನ ಕುಂಕುಮ ಇಟ್ಟು, ಸೀರೆ ಕೊಟ್ಟು, "ನಮ್ಮಜ್ಜಿ ತೌರು" ಎಂದು ಕಣ್ಣೊರೆಸಿಕೊಂಡಳು. ಅವರೂ ಒಬ್ಬಟ್ಟು ಬಡಿಸಿದರು. ವಾಪಸು ಬಂದು ವರದಿ ಒಪ್ಪಿಸಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಗೋತ್ರ ಯಾವ್ದಂತೆ?"

"ಭಾರದ್ವಾಜ."

"ನಮ್ದೂ ಅದೇ ಅಲ್ವೇನೇ? ಸಗೋತ್ರದೋರು ನಮ್ಮನೇಗೆ ಹೆಣ್ಣು ಹೇಗೆ ಕೊಟ್ರು?"

ಅತ್ತೆ ಪೆಚ್ಚಾಗಿ ಕೂತಳು. ಗೋತ್ರ ಹೊಂದಿಸಿ ನೋಡದೆ ಸೀರೆ ಕೊಟ್ಟವಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಗೋಳು ಹೊಯ್ದುಕೊಂಡೆವು. ಸ್ವಲ್ಪ ಹೊತ್ತಿಗೆ ಸಾವರಿಸಿಕೊಂಡು, "ಸೀರೆ ಕೊಟ್ಟಾಯ್ತು, ಒಬ್ಬಟ್ಟು ತಿಂದಾಯ್ತು, ಇನ್ಮೇಲೆ ಅವರೂ ನೆಂಟ್ರೇ" ಎಂದು ತೀರ್ಪು ಕೊಟ್ಟಳು. ಅದರಂತೆಯೇ ಹಬ್ಬಕ್ಕೆ ಹೋಗಿ ಬಂದು ಮಾಡುತ್ತಿದ್ದಳು.

ನಿಜವಾದ ಕೃಷ್ಣಪ್ಪನವರ ಮರಿಮಗ ಕೊನೆಗೆ ತಲಘಟ್ಟಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸಿಕ್ಕರು. ಈ ಸಲ ಅತ್ತೆ ಬಾಗಿಲಲ್ಲೇ ಗೋತ್ರ ಕೇಳಿದಳು. ಅವರು ನಗುತ್ತಾ, "ಕಾಶ್ಯಪ ಮೇಡಂ, ಒಳಗ್ ಬನ್ನಿ" ಎಂದರು. ಪ್ಲಾಸ್ಟಿಕ್ ಕವರಿನೊಳಗಿಂದ ತಮ್ಮ ಮುತ್ತಾತನ ಉಯಿಲು ತೆಗೆದು ಅವರೇ ನಿಧಾನವಾಗಿ ಓದಿದರು. ಜಮೀನು, ಮನೆ, ಬಾವಿ ಎಲ್ಲ ಮುಗಿದ ಮೇಲೆ ಒಂದು ಸಾಲು: "ಕಾಲವಾದ ನನ್ನ ಮಗಳು ಚಿರಂಜೀವಿ ಅಚ್ಚಮ್ಮನ ಮಗ ನಾರಾಯಣನಿಗೆ ಒಂದು ಬೆಳ್ಳಿ ಲೋಟ."

ಸತ್ತ ಮಗಳನ್ನು ಚಿರಂಜೀವಿ ಎಂದು ಬರೆದ ಆ ಅಪ್ಪನ ಜೊತೆ ಪದ್ಮತ್ತೆ ಜಗಳವಾಡಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು, "ಅಚ್ಚಮ್ಮ, ಅಚ್ಚಮ್ಮ" ಎಂದು ಮೆಲ್ಲಗೆ ಕರೆದಳು. ನನಗೆ ಅಳು ತಡೆಯಲಾಗಲಿಲ್ಲ.

ತಕರಾರು ಬಂದದ್ದು ಅಪ್ಪನಿಂದ. "ಸಾವಿತ್ರಜ್ಜಿ ನನ್ನನ್ನೂ ತೊಡೆ ಮೇಲೆ ಕೂರಿಸ್ಕೊಂಡು ತುತ್ತು ಹಾಕಿದಾರೆ. ಅವರ ಜಾಗದಲ್ಲಿ ಇನ್ನೊಬ್ಬರ ಹೆಸರು ನಾನು ಹೇಳಲ್ಲ," ಎಂದು ಪಟ್ಟು ಹಿಡಿದರು. ಅಣ್ಣ ತಂಗಿ ಮಾತು ಬಿಟ್ಟರು. ಗಂಡ ತೀರಿಕೊಂಡ ಮೇಲೆ ದಿನವೂ ನಮ್ಮ ಮನೆಗೆ ಬರುತ್ತಿದ್ದ ಅತ್ತೆ ಬರುವುದನ್ನೇ ನಿಲ್ಲಿಸಿದಳು. ಮಹಾಲಯದ ಬೆಳಗ್ಗೆ ಮಾತ್ರ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಣ್ಣಾ, ಅವರನ್ನ ತೆಗೀ ಅಂದ್ನಾ ನಾನು? ಸಾಕಿದೋರಿಗೂ ಬಿಡು. ಇವಳಿಗೆ ಇನ್ನೊಂದು ಬೊಗಸೆ ಜಾಸ್ತಿ ಬಿಟ್ರೆ ನಲ್ಲಿ ನೀರೇನು ಖಾಲಿಯಾಗತ್ತಾ?" ಎಂದಳು. ಪುರೋಹಿತರಿಗೆ ನಗು ಬಂತು. ಇಬ್ಬರಿಗೂ ಜಾಗವಿದೆ ಎಂದು ಅವರೂ ಹೇಳಿದರು. ಸರದಿ ಬಂದಾಗ ಅಪ್ಪ "ಅಚ್ಚಮ್ಮ" ಎಂದು ಸ್ಪಷ್ಟವಾಗಿ ಹೇಳಿ ನೀರು ಬಿಟ್ಟರು, ಆಮೇಲೆ ಸಾವಿತ್ರಮ್ಮನವರಿಗೂ ಬಿಟ್ಟರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ವಡೆ ಕರಿಯಲು ಹೋದಳು.

ಮುಂದಿನ ಚಳಿಗಾಲದಲ್ಲಿ ಪದ್ಮತ್ತೆ ಹೋಗಿಬಿಟ್ಟಳು. ಸಣ್ಣ ಜ್ವರ ಎಂದು ಆಸ್ಪತ್ರೆಗೆ ಸೇರಿದವಳು ವಾಪಸು ಬರಲಿಲ್ಲ. ಅವಳಷ್ಟು ಜೋರಾಗಿ ಮಾತಾಡುವವರು ನಮ್ಮ ಮನೆತನದಲ್ಲಿ ಇನ್ನಿಲ್ಲ. ಅವಳ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮಹಾಲಯದಲ್ಲಿ ಅಪ್ಪ ಎಂದಿನಂತೆ ಕೂತರು. ತಂದೆ, ತಾತ, ತಾಯಿ, ಅಚ್ಚಮ್ಮ, ಸಾವಿತ್ರಮ್ಮ ಎಲ್ಲರ ಹೆಸರೂ ಸರಾಗವಾಗಿ ಬಂತು.

"ಈಗ ತಂಗಿಗೆ ಬಿಡಿ ಸಾರ್. ಹೆಸರು ಹೇಳಿ," ಎಂದರು ಪುರೋಹಿತರು.

ಅಪ್ಪ ಬಾಯಿ ತೆರೆದರು. ಅವಳು ಹುಟ್ಟಿದಾಗಿನಿಂದ ಕರೆದ ಹೆಸರು ಹೊರಡಲಿಲ್ಲ. ಕೈಯಲ್ಲಿದ್ದ ನೀರು ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು. ಪುರೋಹಿತರು ಮತ್ತೊಮ್ಮೆ ಕೇಳಿದರು. ಅಲ್ಲಿ ಹೆಣ್ಣುಮಕ್ಕಳು ಬಾಯಿ ಹಾಕಬಹುದೋ ಬಾರದೋ ಎಂದು ನಾನು ಯೋಚಿಸಲಿಲ್ಲ.

"ಪದ್ಮಾವತಿ," ಎಂದೆ, ಪಕ್ಕದ ಮನೆಗೂ ಕೇಳಿಸುವ ಹಾಗೆ.

ಅಪ್ಪ ತಲೆಯಾಡಿಸಿ ಕೈಗೆ ಮತ್ತೆ ನೀರು ಹಾಕಿಸಿಕೊಂಡರು.