ಬಲಗಡೀಲಿಂದ ಸುರುವಾದ ಗೀಟು

ಮಕ್ತಲದಾಗ ಸಾಯಣ್ಣ ಅಂತ ಒಬ್ಬಾಂವ ಇದ್ದ ನೋಡ್ರಿ, ಅಂಗಡಿ ಮುಂದಿನ ಬೋರ್ಡು ಬರಿಯಾಂವ. ನಿಜಾಮನ ಕಾಲ. ಸಾಲಿ ಉರ್ದು, ಕಚೇರಿ ಉರ್ದು, ಬೋರ್ಡೂ ಉರ್ದು. ಇಪ್ಪತ್ತೆರಡು ವರ್ಷ ಆತನ ಕುಂಚ ಬಲಗಡೀಲಿಂದ ಎಡಗಡಿಗೇ ಓಡೇತಿ.

ಪೊಲೀಸ್ ಆಕ್ಷನ್ ಆತು, ನಿಜಾಮನ ಆಳ್ವಿಕಿ ಹೋತು. ಮಿಲಿಟ್ರಿ ಲಾರಿ ಬಂದು ಹೋದ ಮ್ಯಾಗ ಅಂಗಡಿಯವರು ಒಬ್ಬೊಬ್ಬರ ಬಂದು, "ಸಾಯಣ್ಣಾ, ಸುಣ್ಣಾ ಬಳದು ಬಿಡಪಾ, ಒಂದಕ್ಷರ ಕಾಣಬಾರದು" ಅಂದ್ರು. ತಾ ಬರದಿದ್ದರ ಮ್ಯಾಗ ತಾನ ಬಳದ. ಹೊಸಾದು ಬರಿ ಅಂದ್ರ, ತೆಲುಗು ಬಾಯಾಗ ಐತಿ, ಕನ್ನಡ ಬಾಯಾಗ ಐತಿ, ಕೈಯಾಗ ಎರಡೂ ಇಲ್ಲ. ವಯಸ್ಸು ನಲವತ್ತೇಳು. ಸುಮ್ನ ಕಟ್ಟಿ ಮ್ಯಾಗ ಕುಂತ.

ಆವಾಗ ಕಣ್ಣಿಗೆ ಬಿದ್ದಾಕಿ ಬಾಲಮ್ಮ. ಕುರುಬರ ಮಾರೆಪ್ಪನ ಮಗಳು, ಎಂಟು ವರ್ಷದಾಕಿ. ಆಕ್ಷನ್ನಿಗೆ ಮುಂಚೆ ನಿಜಾಮನ ಕಡಿ ರಜಾಕಾರರು ಆಕಿ ಕಾಕಾ ಆಶಪ್ಪನ್ನ ಆಕಿ ಕಣ್ಣೆದುರಿಗೇ ಕೊಂದಿದ್ರು. ಆವತ್ತಿಂದ ಹುಡುಗಿ ಒಂದು ಮಾತೂ ಆಡಿಲ್ಲ. ಹಾದ್ಯಾಗ ಕುಂತು ಬಂಡಿಗಲ್ಲಿನ ಮ್ಯಾಗ ಇದ್ದಲಿಲೆ ಕುರಿ ಚಿತ್ರ ತೀಡತಿದ್ಳು. ಸಾಯಣ್ಣ ಒಂದು ಬೋಳು ಹಲಗಿ ತಂದ, ಕುಂಚ ಕೈಗೆ ಕೊಟ್ಟ. ಮರದಿನ ಆಕಿ ಹಿಂದ ಇನ್ನಿಬ್ಬರು. ಎರಡು ತಿಂಗಳಿಗೆ ಒಂಬತ್ತು ಮಕ್ಕಳು ಕೂಡಿದ್ವು. ಕೆಮ್ಮಣ್ಣು, ಅರಿಶಿಣ, ಸುಣ್ಣ, ಇದ್ದಲಿ, ಇಷ್ಟ ಬಣ್ಣ.

ಹೆಂಡ್ತಿ ತಿರುಪತಮ್ಮ ಬಾಗಲದಾಗ ನಿಂತು, "ಬೋರ್ಡು ಹೋತು, ಈಗ ಮಂದಿ ಮಕ್ಕಳ ಮಾರಿಗೆ ಬಣ್ಣಾ ಬಳೀತಿಯೇನು?" ಅಂದ್ಳು.

"ಮಾರಿಗೆ ಅವ ಬಳಕೊಂತಾವ. ನಾ ಕುಂಚ ಕೊಡತೀನಿ, ಅಷ್ಟ."

ಒಂದು ಮುಂಜಾನೆ ಮಾರೆಪ್ಪ ನೋಡಿದ, ಮಗಳು ಮನಿ ಗ್ವಾಡಿಗೆ ಚಿತ್ರ ಬಿಡಸಾಕತ್ಯಾಳ. ಮೊದಲ ಗೀಟು ಬಲಗಡೆ, ಆಮ್ಯಾಗ ಎಡಕ್ಕ ಸರಕೊಂತ ಬರತಾಳ. ಥೇಟ್ ಉರ್ದು ಬರದಂಗ! ಸೀದಾ ಬಂದು ಸಾಯಣ್ಣನ ಕಟ್ಟಿ ಮುಂದ ನಿಂತ.

"ಏನ್ ಕಲಸಾಕತ್ತೀಲೇ? ನನ್ನ ತಮ್ಮನ್ನ ಕೊಂದವರ ಬರಹ ನನ್ನ ಮಗಳಿಗೆ?"

ಸಾಯಣ್ಣ ಗಾಬರಿಯಾದ. ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸೂಮುಂದೂ ತನ್ನ ಕೈ ಹಂಗ ಓಡತೈತಿ ಅಂತ ಆತಗ ಆವತ್ತ ಗೊತ್ತಾತು. ಮಕ್ಕಳು ಕೈ ನೋಡೇ ಕಲತಿದ್ವು. ಸುದ್ದಿ ಊರಾಗ ಹಬ್ಬಿ, ಸಂಜಿ ಅನ್ನೂದ್ರಾಗ ಒಂಬತ್ತೂ ಮಕ್ಕಳು ಬರೂದು ಬಂದ್ ಆತು.

ಮೂರು ದಿನ ಒಬ್ಬನ ಕುಂತು ಎಡಗಡೀಲಿಂದ ಕುರಿ ಬಿಡಿಸಿದ. "ಇದೇನು ಕುರಿಯೋ, ಕುಂಟ ಕತ್ತೆಯೋ!" ಅಂತ ತಿರುಪತಮ್ಮ ನಕ್ಕಳು. ಆತನ ಮಾರಿ ನೋಡಿ ಅಲ್ಲೇ ನಿಲ್ಲಿಸಿದ್ಳು. ಉಳದ ಮಕ್ಕಳು ಗೋಲಿ ಆಡತಾವ, ನಗತಾವ. ಬಾಲಮ್ಮಗ ಇದ್ದದ್ದು ಅದೊಂದ ದಾರಿ. ಅದೂ ಮುಚ್ಚಿದ್ರ ಹುಡುಗಿ ಗತಿ ಏನು?

ನಾಕನೇ ದಿನ ಸಾಯಣ್ಣ ಕುರಿಹಟ್ಟಿಗೆ ಹೋದ. ಮಾರೆಪ್ಪ ಕುರಿ ಉಣ್ಣೆ ಕತ್ತರಸಾಕತ್ತಿದ್ದ, ಬಾಲಮ್ಮ ಬಾಜೂಕ ಕುಂತಿದ್ಳು.

"ಮತ್ಯಾಕ ಬಂದಿ?"

"ಕೈ ಹಂಗ ಪಳಗೇತಿ ಮಾರೆಪ್ಪಾ. ಆ ರೂಢಿ ಬಿಡಸಾಕ ನೋಡಿದೆ, ಬಿಡವಲ್ದು. ತಪ್ಪು ನಂದು. ಹುಡುಗಿ ಕೈ ಮಾತ್ರ ಕಟ್ಟಬ್ಯಾಡ."

ಮಾರೆಪ್ಪ ಕತ್ತರಿ ಆಡಿಸಿಕೊಂತ ಇದ್ದ. ಬಾಲಮ್ಮ ಎದ್ದು ಬಂದು ಹಟ್ಟಿ ಬಂಡಿಗಲ್ಲಿಗೆ ಇದ್ದಲಿ ಹಚ್ಚಿದ್ಳು. ಬಲಗಡೀಲಿಂದನ. ಮೊದಲ ಕುರಿ ಕಾಯೂ ಬಡಿಗಿ ಬಂತು. ಕೈ ಬಂತು. ಹೆಗಲ ಮ್ಯಾಗ ಕಂಬಳಿ. ಕಡೀಕ ಮಾರಿ, ದಪ್ಪನ್ನ ಮೀಸಿ. ಆಶಪ್ಪ!

ಕತ್ತರಿ ನಿಂತಿತ್ತು. ಮಾರೆಪ್ಪ ಎದ್ದು ಬಂದ, ಮೀಸಿ ಕಡೆ ಬೆರಳು ಮಾಡಿದ.

"ಮೀಸಿ ಇಷ್ಟು ಇದ್ದಿಲ್ಲವ್ವಿ. ಇನ್ನಾ ಸರೀಗೆ ಮೂಡಿದ್ದಿಲ್ಲ ಆತಗ."

ಬಾಲಮ್ಮ ಹೆಬ್ಬಟ್ಟಿಲೆ ಮೀಸಿ ಒರಸಿದ್ಳು. ಸಣ್ಣ ಗೀಟು ಎಳದ್ಳು. ಅಪ್ಪನ ಮಾರಿ ನೋಡಿದ್ಳು.

"ಹಾಂ. ಹಂಗ."

ಮಾತು ಆವತ್ತೂ ಬರಲಿಲ್ರಿ ಹುಡುಗಿಗೆ. ಮಾರೆಪ್ಪ ಕತ್ತರಿ ತಗೊಂಡ, ಮತ್ತ ಕೆಳಗಿಟ್ಟ. ಸಾಯಣ್ಣನ ಕಡೆ ನೋಡಲಾರದ ಅಂದ, "ನಾಳೆ ಕುರಿ ಬಿಟ್ಟ ಮ್ಯಾಗ ಕಳಸ್ತೀನಿ. ಎಲ್ಲೀಲಿಂದರ ಸುರು ಮಾಡಲಿ."